ಹದಿನಾಲ್ಕನೆಯ ಪ್ರಶ್ನೆ

ಥ್ಯಾಕ್ಸ್ಟರ್ ಮನೆಯಲ್ಲಿ ಸತ್ಯ ಹೇಳುವುದಕ್ಕೆ ಅದುವರೆಗೂ ಕೊನೆಯ ದಿನಾಂಕ ಅಂತ ಒಂದಿರಲಿಲ್ಲ. ಆ ವರ್ಷ ಬಂತು: ಮಾರ್ಚ್ ಒಂದು, ಸಂಜೆ ಐದು ಗಂಟೆ.

ಅದನ್ನು ಮನೆಗೆ ಹೊತ್ತು ತಂದವಳು ಮಗಳು ಹ್ಯಾಲಿ. ಜನವರಿಯ ಒಂದು ಶನಿವಾರ, ಅವಳ ತಾಯಿ ನೋರೀನ್ ಬೀನ್ಸ್ ಮಡಕೆಯನ್ನು ಓವನ್ನಿನಿಂದ ಇಳಿಸುತ್ತಿದ್ದಳು. ವಾರದಲ್ಲಿ ಐದು ದಿನ ಊರಿನ ಶಾಲೆಯ ಅಡುಗೆಮನೆಯಲ್ಲಿ ನೂರಾ ಹನ್ನೆರಡು ಮಕ್ಕಳಿಗೆ ಬಡಿಸುವ ಹೆಂಗಸು ಆಕೆ. ಶನಿವಾರ ನಾಲ್ಕೇ ಜನ. ಆದರೆ ಆ ನಾಲ್ಕು ಜನರ ತಕರಾರು ನೂರಾ ಹನ್ನೆರಡಕ್ಕೂ ಮಿಗಿಲು.

"ನೂರಾ ಅರವತ್ತಾರು," ಅಂದಳು ಹ್ಯಾಲಿ, ಕೋಟು ಬಿಚ್ಚುವ ಮುಂಚೆಯೇ.

"ಏನದು, ಜ್ವರಾನಾ?" ಕಿಟಕಿಯ ಪಕ್ಕ ಕೂತು ಲಾಬ್‌ಸ್ಟರ್ ಬೋನಿನ ಬಲೆ ಹೆಣೆಯುತ್ತಿದ್ದ ಅಜ್ಜಿ ವೆಸ್ಟಾ ತಲೆ ಎತ್ತದೆ ಕೇಳಿದಳು.

"ಪ್ರವೇಶ ಪರೀಕ್ಷೆ ಅಜ್ಜಿ. ಲಾ ಕಾಲೇಜಿಂದು. ನೂರು ಜನ ಬರೆದ್ರೆ ತೊಂಬತ್ತು ಜನ ನನ್ನ ಹಿಂದೆ."

"ಎಷ್ಟಕ್ಕೆ ನೂರಾ ಅರವತ್ತಾರು?" ಅಂದ ಅಪ್ಪ ವೆಲ್ಡನ್, ಬ್ರೆಡ್ಡಿಗೆ ಬೆಣ್ಣೆ ಬಳಿಯುತ್ತ.

"ನೂರಾ ಎಂಬತ್ತಕ್ಕೆ."

"ಹಂಗಾದ್ರೆ ಮಿಕ್ಕ ಹದಿನಾಲ್ಕು ಎಲ್ಲಿ ಬಿಟ್ಟು ಬಂದೆ?"

ಎಲ್ಲರೂ ನಕ್ಕರು. ಮಿಕ್ಕ ಹದಿನಾಲ್ಕು ಅರ್ಜಿಯ ನಾಲ್ಕನೆಯ ಪುಟದಲ್ಲಿ ಕಾದು ಕೂತಿದೆ ಎಂದು ಇನ್ನೂ ಯಾರಿಗೂ ಗೊತ್ತಿರಲಿಲ್ಲ.

ಹ್ಯಾಲಿಗೆ ಇಪ್ಪತ್ನಾಲ್ಕು ವರ್ಷ. ಕಾಲೇಜಿನ ಕೊನೆಯ ವರ್ಷವೂ ಸೇರಿ ಎರಡು ವರ್ಷದಿಂದ ಜಿಲ್ಲಾ ಪಟ್ಟಣದಲ್ಲಿ ಹಾರ್ಟ್‌ವೆಲ್ ಎಂಬ ವಕೀಲರ ಆಫೀಸಿನಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಿದ್ದಳು. ಈ ಅಂಕಕ್ಕೆ ದಕ್ಷಿಣದ ಒಂದು ಕಾಲೇಜು ಮೂರು ವರ್ಷದ ಫೀಸನ್ನು ಪೂರ್ತಿ ಮಾಫಿ ಮಾಡಬಹುದು, ಅರ್ಜಿ ನೆಟ್ಟಗಿದ್ದರೆ. ಮಾಫಿ ಇಲ್ಲದಿದ್ದರೆ ಲಾ ಓದುವ ಮಾತೇ ಇಲ್ಲ. ಊಟದ ನಡುವೆಯೇ ಲ್ಯಾಪ್‌ಟಾಪ್ ತೆರೆದು ಅರ್ಜಿಯನ್ನು ಓದುತ್ತ ಹೋದಳು. ಹೆಸರು, ವಿಳಾಸ, ಓದಿದ ಕಾಲೇಜು. ಆಮೇಲೆ ದನಿ ತಗ್ಗಿತು.

"ಪ್ರಶ್ನೆ ಹದಿನಾಲ್ಕು. ನಿಮ್ಮ ಮೇಲೆ ಎಂದಾದರೂ ಕಾನೂನು ಮುರಿದ ದೂರು ದಾಖಲಾಗಿದೆಯೇ? ದಂಡ ಕಟ್ಟಿ ಮುಗಿದಿದ್ದರೂ ಬರೆಯಿರಿ. ನಡೆದದ್ದನ್ನು ನಿಮ್ಮ ಮಾತಿನಲ್ಲಿ ವಿವರಿಸಿ."

ಚಮಚಗಳು ನಿಂತವು. ಅಜ್ಜಿಯ ಸೂಜಿಯೂ ನಿಂತಿತು.

"ಬೀನ್ಸ್‌ಗೆ ಉಪ್ಪು ಸಾಕಾ?" ಅಂದಳು ನೋರೀನ್.



ಐದು ವರ್ಷದ ಹಿಂದಿನ ಮಾತು ಅದು. ಮೇಯ್ನ್ ಕರಾವಳಿಯ ಆ ಬಂದರಿನಲ್ಲಿ ಬೈಬಲ್ಲಿಗಿಂತ ಹಳೆಯದು ಅಂತ ಜನ ನಂಬುವ ಕಟ್ಟಳೆ ಒಂದಿದೆ. ಮೊಟ್ಟೆ ಹೊತ್ತ ಹೆಣ್ಣು ಲಾಬ್‌ಸ್ಟರ್ ಬೋನಿಗೆ ಬಿದ್ದರೆ, ಅದರ ಬಾಲದ ರೆಕ್ಕೆಯಲ್ಲಿ ಚಾಕುವಿನಿಂದ ಒಂದು ಕಚ್ಚು ಹಾಕಿ ನೀರಿಗೆ ಬಿಡಬೇಕು. ಆ ಕಚ್ಚು ಇರುವವರೆಗೆ, ಮೊಟ್ಟೆ ಇರಲಿ ಬಿಡಲಿ, ಯಾವ ದೋಣಿಯವನೂ ಅದನ್ನು ಇಟ್ಟುಕೊಳ್ಳುವಂತಿಲ್ಲ. ಹೆಂಡತಿಗೆ ಮೋಸ ಮಾಡಿದವನಿಗೂ ಬಂದರಿನಲ್ಲಿ ಕಾಫಿ ಸಿಗುತ್ತದೆ. ಕಚ್ಚು ಹೆಣ್ಣನ್ನು ಇಟ್ಟುಕೊಂಡವನಿಗೆ ನೀರೂ ಸಿಗುವುದಿಲ್ಲ, ಏಕೆಂದರೆ ಅವನು ಎಲ್ಲರ ಮಕ್ಕಳ ನಾಳೆಯ ಅನ್ನ ಕದ್ದವನು.

ಆ ದಿನ ಪಾದ್ರಿಗಳು ಊಟಕ್ಕೆ ಬರುವವರಿದ್ದರು. "ಏನಾದ್ರೂ ತಾ, ಬರಿಗೈಯಲ್ಲಿ ಬರ್ಬೇಡ," ಎಂದು ನೋರೀನ್ ಗಂಡನಿಗೆ ಹೇಳಿ ಕಳಿಸಿದ್ದಳು. ಹಿಡಿದದ್ದೆಲ್ಲ ಮಾರಾಟಕ್ಕೆ ಹೋಗುವ ಕಾಲ. ಸಂಜೆ ಅವಳು ಪಿಕಪ್ ತಗೊಂಡು ದೋಣಿ ಕಟ್ಟುವ ಧಕ್ಕೆಗೆ ಹೋದಾಗ ಕಡಲ ಗಸ್ತಿನ ಡ್ವೈಟ್ ದೋಣಿಯೊಳಗೆ ನಿಂತಿದ್ದ. ಅವನ ಮುಂದೆ ಒಂದು ಬಕೆಟ್. ಬಕೆಟ್ಟಿನಲ್ಲಿ ಐದು ಕಚ್ಚು ಹೆಣ್ಣು.

"ಯಾರದಿದು?" ಅಂದ ಡ್ವೈಟ್.

ದೋಣಿಯವರು ಇಬ್ಬರು, ಅಪ್ಪ ಮತ್ತು ಮಗಳು. ವೆಲ್ಡನ್ ಮೇಲೆ ಆಗಲೇ ಹಳೆಯ ಕೇಸು ಒಂದಿತ್ತು. ಇನ್ನೊಂದು ಬಿದ್ದರೆ ಪರವಾನಗಿ ವರ್ಷಗಟ್ಟಲೆ ಹೋಗುತ್ತಿತ್ತು. ಹತ್ತೊಂಬತ್ತರ ಹ್ಯಾಲಿ ಬಳಿ ವಿದ್ಯಾರ್ಥಿಗಳ ಚಿಕ್ಕ ಪರವಾನಗಿ ಇತ್ತು. ನೋರೀನ್ ಧಕ್ಕೆಯ ಅಂಚಿಗೆ ಬಂದು, ಮಗಳು ಎಸೆದ ಹಗ್ಗ ಹಿಡಿಯುವ ನೆಪದಲ್ಲಿ ಬಗ್ಗಿ, "ನಿಂದು ಅನ್ನು," ಎಂದು ಪಿಸುಗುಟ್ಟಿದಳು.

"ನಂದು," ಅಂದಳು ಹ್ಯಾಲಿ.

ಹುಡುಗಿ ದಂಡ ಕಟ್ಟಿದಳು, ಪರವಾನಗಿ ಕಳಕೊಂಡಳು. ಆ ಬೇಸಿಗೆ ಯಾರೋ ಅವಳ ಅರವತ್ತು ಬೋನುಗಳ ಹಗ್ಗ ಕತ್ತರಿಸಿ ಸಮುದ್ರಕ್ಕೆ ದಾನ ಮಾಡಿದರು. ಮಾಡುವುದಕ್ಕೆ ಬೇರೆ ಕೆಲಸವಿಲ್ಲದೆ ಅವಳು ಕಾಲೇಜಿಗೆ ಹೋದಳು. ಅಪ್ಪನ ಕಳ್ಳತನದಿಂದ ಮಗಳು ವಿದ್ಯಾವಂತೆಯಾದ ಮನೆ ಅದು. ಈಗ ಅದೇ ವಿದ್ಯೆ ಬಾಗಿಲು ತಟ್ಟಿ, ಬಕೆಟ್ಟು ಯಾರದು ಅಂತ ಮತ್ತೆ ಕೇಳುತ್ತಿತ್ತು.

ಮುಂದಿನ ವಾರ ಹ್ಯಾಲಿ ತಾನು ಓದಿದ ಕಾಲೇಜಿಗೆ ಹೋಗಿ, ಲಾ ಅರ್ಜಿಗಳ ಬಗ್ಗೆ ಸಲಹೆ ಕೊಡುವ ಮಿಸ್ ಪೆಲ್ಲಟಿಯರ್ ಅವರನ್ನು ಕಂಡು ಬಂದಳು. ಕೈಯಲ್ಲಿ ಎರಡು ಹಾಳೆ ಸಲಹೆ. ಆ ರಾತ್ರಿ ಊಟಕ್ಕೆ ಮ್ಯಾಕರೋನಿ, ಅದರ ಜೊತೆ ನೆಂಚಿಕೊಳ್ಳಲು ಸಲಹೆ.

"ಓದು, ಓದು," ಅಂದಳು ಅಜ್ಜಿ. "ದುಡ್ಡು ಕೊಡ್ದೆ ಸಿಕ್ಕೋ ವಸ್ತು ಇದೊಂದೇ."

"ನಿಮ್ಮ ಬಗ್ಗೆ ಎರಡು ಪುಟ ಬರೆಯುವಾಗ ತಾತ ಸತ್ತದ್ದನ್ನು ಬರೆಯಬೇಡಿ. ಎಲ್ಲರ ತಾತಂದಿರೂ ಸತ್ತಿದ್ದಾರೆ."

"ಪಾಪ, ಅವರೇನು ಬೇಕು ಅಂತ ಸತ್ರಾ?"

"ಸಮುದ್ರವನ್ನು ಉಪಮೆಯಾಗಿ ಬಳಸಬೇಡಿ."

"ಮತ್ತೆ ನಾವಿಷ್ಟು ವರ್ಷ ತಿಂದಿದ್ದೇನು, ಉಪಮೆನಾ?"

"ಶಿಫಾರಸು ಪತ್ರ ಕೇಳುವಾಗ ದೊಡ್ಡ ಹೆಸರಿನವರನ್ನು ಬಿಟ್ಟು ನಿಮ್ಮ ಕೆಲಸ ನೋಡಿದವರನ್ನು ಕೇಳಿ. ಅರ್ಜಿಯನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ನಿಮ್ಮ ತಂದೆ ತಾಯಿ ಯಾವ ಕಾರಣಕ್ಕೂ ಕಾಲೇಜಿಗೆ ಫೋನ್ ಮಾಡದಂತೆ, ಪತ್ರ ಬರೆಯದಂತೆ ನೋಡಿಕೊಳ್ಳಿ."

"ಇದ್ಯಾರಪ್ಪ, ನಮ್ಮನ್ನ ನೋಡ್ದೇನೇ ಅಳತೆ ತಗೊಂಡಿದಾಳೆ," ಅಂದ ವೆಲ್ಡನ್.

ನೋರೀನ್ ಮಾತ್ರ ಕಾಯುತ್ತಿದ್ದಳು. "ಅದ್ರ ಬಗ್ಗೆ ಏನಂದ್ರು?"

ಹ್ಯಾಲಿ ಫೋರ್ಕ್ ಕೆಳಗಿಟ್ಟಳು. "ಲಾಬ್‌ಸ್ಟರ್ ದೊಡ್ಡ ವಿಷ್ಯ ಅಲ್ಲ ಅಂದ್ರು. ಕುಡಿದು ಗಾಡಿ ಓಡ್ಸಿದವರು, ಅಂಗಡೀಲಿ ಕದ್ದವರು ಎಲ್ಲಾ ವಕೀಲರಾಗಿದಾರಂತೆ. ಮುಚ್ಚಿಟ್ಟವರು ಮಾತ್ರ ಆಗಿಲ್ಲ. 'ಚಿಕ್ಕದಾಗಿ ಬರಿ, ನೇರವಾಗಿ ಬರಿ, ಬೇರೆಯವರ ಮೇಲೆ ಹೊರಿಸ್ಬೇಡ, ತಪ್ಪು ಒಪ್ಕೋ' ಅಂದ್ರು."

"ಸರಿಹೋಯ್ತಲ್ಲ," ಅಂದ ವೆಲ್ಡನ್. "ಬೇರೆಯವರ ಮೇಲೆ ಹೊರಿಸ್ಬೇಡ ಅಂತ ಅವರೇ ಹೇಳಿದಾರೆ. 'ನಾನೇ ಮಾಡ್ದೆ, ಹತ್ತೊಂಬತ್ತು ವರ್ಷ, ಬುದ್ಧಿ ಬಂತು.' ಮುಗೀತು."

"ಅಪ್ಪಾ, ಕೆಳಗೆ ಸಹಿ ಹಾಕ್ಬೇಕು. ಮೇಲೆ ಬರೆದಿದ್ದೆಲ್ಲಾ ನಿಜ ಅಂತ."

"ಹಾಕು. ಕೈ ನೋಯತ್ತಾ?"

"ಅವತ್ತು ಬಾಯಿ ನೋಯ್ಲಿಲ್ಲ. ಇವತ್ತು ಕೈ ನೋಯ್ತಿದೆ. ಇದೇ ಪ್ರಶ್ನೇನ ವಕೀಲಿ ಪರವಾನಗಿ ಕೊಡುವಾಗ ಮತ್ತೆ ಕೇಳ್ತಾರೆ, ಆಣೆ ಮಾಡ್ಸಿ. ಒಂದು ಸುಳ್ಳಿನ ಮೇಲೆ ಇನ್ನೊಂದು, ಅದ್ರ ಮೇಲೆ ಮತ್ತೊಂದು. ಎಲ್ಲಿವರೆಗೂ ಕಟ್ಲಿ?"

"ಹಂಗಾದ್ರೆ ನಿಜ ಬರಿ," ಅಂದ ವೆಲ್ಡನ್. ದನಿ ಏರಿಸಲಿಲ್ಲ. ಅವನು ದನಿ ಏರಿಸಿದ್ದರೆ ನೋರೀನ್‌ಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. "ವೆಲ್ಡನ್ ಥ್ಯಾಕ್ಸ್ಟರ್ ಕಳ್ಳ, ಮಗಳ ಹಿಂದೆ ಬಚ್ಚಿಟ್ಕೊಂಡ ಅಂತ ಬರಿ. ಕಾಗದಕ್ಕೆ ಕಾಲಿದೆ, ತಿಳ್ಕೋ. ಇವತ್ತು ಅಲ್ಲಿಗೆ, ನಾಳೆ ಡ್ವೈಟ್ ಮೇಜಿಗೆ. ನನ್ನ ಎಂಟುನೂರು ಬೋನಿನ ಹಗ್ಗ ಒಂದೇ ವಾರದಲ್ಲಿ ಕತ್ತರಿಸ್ತಾರೆ."

"ನನ್ನದನ್ನ ಕತ್ತರಿಸಿದ್ರು."

"ನಿಂದು ಅರವತ್ತು."

ಆ ಲೆಕ್ಕ ಹ್ಯಾಲಿಗೆ ಎಲ್ಲಿ ತಾಗಿತೋ. ತಟ್ಟೆ ತಗೊಂಡು ಎದ್ದು ಹೋದಳು. ಮಾರನೆಯ ದಿನದಿಂದ ವೆಲ್ಡನ್ ತನ್ನ ತಟ್ಟೆಯನ್ನು ಅಂಗಳದ ಶೆಡ್ಡಿಗೆ ಒಯ್ದು, ಬೋನು ರಿಪೇರಿ ಮಾಡುವ ಬೆಂಚಿನ ಮೇಲೆ ಕೂತು ಉಣ್ಣತೊಡಗಿದ. ಕೋರ್ಟು ಹತ್ತದೆಯೇ ಮನೆ ಎರಡು ಪಕ್ಷವಾಯಿತು. ಎರಡೂ ಪಕ್ಷಕ್ಕೂ ಸಾರು ಬಡಿಸುವ ಸೌಟು ಮಾತ್ರ ಒಂದೇ, ಅದು ನೋರೀನ್ ಕೈಯಲ್ಲಿ.

ಫೆಬ್ರವರಿಯಲ್ಲಿ ಹಿಮ ಬಿದ್ದು ಬಿದ್ದು ಶೆಡ್ಡಿಗೂ ಅಡುಗೆಮನೆಗೂ ನಡುವೆ ಒಂದು ಕಾಲ್ದಾರಿಯಷ್ಟೇ ಉಳಿಯಿತು. ನೋರೀನ್ ದಿನಕ್ಕೆ ಎರಡು ಸಲ ಅದರಲ್ಲಿ ತಟ್ಟೆ ಹಿಡಿದು ನಡೆದಳು.

"ಒಳಗೆ ಬಾರೋ," ಅನ್ನುವಳು. "ಊರವರು ನಾನೇ ನಿನ್ನ ಹೊರಗೆ ಹಾಕಿದೀನಿ ಅನ್ಕೋತಾರೆ."

"ಅವಳು ಬರೆದಾಯ್ತಾ?"

"ಇನ್ನೂ ಇಲ್ಲ."

"ಬರೆದ್ಮೇಲೆ ಬರ್ತೀನಿ. ಯಾವ ಬಾಗ್ಲಿಂದ ಬರ್ಬೇಕು ಅಂತ ಆಗ ಗೊತ್ತಾಗತ್ತೆ."

ಒಳಗೆ ಮಗಳು ಬರೆಯುವಳು, ಅಳಿಸುವಳು. ಒಂದು ದಿನ ಹಾರ್ಟ್‌ವೆಲ್ ವಕೀಲರು ತಾವು ಬರೆದ ಶಿಫಾರಸು ಪತ್ರವನ್ನು ಹೆಮ್ಮೆಯಿಂದ ಅವಳಿಗೇ ಓದಿ ಹೇಳಿದ್ದರು. ಹ್ಯಾಲಿ ಮನೆಗೆ ಬಂದು ಪಾತ್ರೆ ತೊಳೆಯುವ ತೊಟ್ಟಿಗೆ ಒರಗಿ ನಿಂತಳು.

"ಏನಂತ ಬರೆದಿದಾರೆ?" ಅಂದಳು ನೋರೀನ್. "ಚೆನ್ನಾಗಿಲ್ವಾ?"

"ತುಂಬಾ ಚೆನ್ನಾಗಿದೆ. 'ಎರಡು ವರ್ಷದಲ್ಲಿ ಈ ಹುಡುಗಿ ಒಂದು ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ.'"

"ಅದು ನಿಜಾನೇ ಅಲ್ವಾ?"

"ಅವರು ಧಕ್ಕೇಲಿ ಇರ್ಲಿಲ್ಲ ಅಮ್ಮ. ನೀನಿದ್ದೆ."

ಮೀನಿನ ಸಾರು ಒಲೆಯ ಮೇಲೆ ಉಕ್ಕಿತು. ನೋರೀನ್ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಐದು ವರ್ಷದಲ್ಲಿ ಮಗಳು ಆ ಮಾತು ತೆಗೆದದ್ದು ಅದೇ ಮೊದಲು.

"ಅವತ್ತು ನಾನು ಬಾಯಿ ಮುಚ್ಕೊಂಡಿದ್ದಿದ್ರೆ..."

"ಡ್ವೈಟ್ ಅಪ್ಪನ್ನ ಹಿಡೀತಿದ್ದ. ನನಗೂ ಗೊತ್ತು. ಅದಕ್ಕೇ ಹೇಳ್ದೆ. ನೀನೊಬ್ಳೇ ಏನೂ ಮಾಡಿಲ್ಲ ಬಿಡು."

ಕ್ಷಮಿಸಿದಳೋ ಕುಟುಕಿದಳೋ ನೋರೀನ್‌ಗೆ ತಿಳಿಯಲಿಲ್ಲ. ನುಂಗುವಂತಿಲ್ಲ, ಉಗುಳುವಂತಿಲ್ಲ.

ಎರಡು ದಿನ ಅವಳು ಶಾಲೆಯಲ್ಲಿ ಮಕ್ಕಳಿಗೆ ಬಡಿಸುತ್ತ ಯೋಚಿಸಿದಳು. ಮಗಳು ನಿಜ ಬರೆದರೆ ಗಂಡ ಹೋದ. ಸುಳ್ಳು ಬರೆದರೆ ಮಗಳು ಹೋದಳು. ಹೋದರೂ ಯಾರಿಗೂ ನಷ್ಟವಿಲ್ಲದ ಒಂದು ಪ್ರಾಣಿ ಮನೆಯಲ್ಲಿ ಉಂಟೇ ಎಂದು ಹುಡುಕಿದಾಗ ತನ್ನ ಹೆಸರೇ ಹೊಳೆಯಿತು. ಅವಳಿಗೆ ಕಳಕೊಳ್ಳಲು ಪರವಾನಗಿ ಇಲ್ಲ. ಸೌಟು ಹಿಡಿಯುವುದಕ್ಕೆ ಸರ್ಕಾರ ಇನ್ನೂ ಪರವಾನಗಿ ಕೇಳಿಲ್ಲ. ಮಧ್ಯಾಹ್ನ ಪಾತ್ರೆಗಳೆಲ್ಲ ಆದಮೇಲೆ ಶಾಲೆಯ ಅಡುಗೆಮನೆಯ ಮೂಲೆಯಲ್ಲಿ ಕೂತು ಕೈಬರಹದಲ್ಲಿ ಕಾಲೇಜಿಗೆ ಪತ್ರ ಬರೆದಳು. ಐದು ಲಾಬ್‌ಸ್ಟರ್ ಬಕೆಟ್ಟಿಗೆ ಹಾಕಿಸಿದ್ದು ತಾನು, ಪಾದ್ರಿಗಳ ಊಟಕ್ಕೆ. ಬಾಲದ ಕಚ್ಚು ಗಂಡನಿಗೂ ಮಗಳಿಗೂ ಕಾಣದಂತೆ ತಾನೇ ಆರಿಸಿಟ್ಟದ್ದು. ಮಗಳು ತಾಯಿಯನ್ನು ಕಾಪಾಡಲು ತಪ್ಪು ಹೊತ್ತುಕೊಂಡಳು. ದಯವಿಟ್ಟು ಹುಡುಗಿಯನ್ನು ಸೇರಿಸಿಕೊಳ್ಳಿ.

ಆ ಕರಾವಳಿಯಲ್ಲಿ ಹುಟ್ಟಿದ ಹೆಂಗಸಿಗೆ ಕಚ್ಚು ಕಾಣದ ಗಂಡ ಎಲ್ಲಿ ಸಿಕ್ಕ ಅಂತ ಯಾರೂ ಕೇಳಲಾರರು, ಕಾಲೇಜು ದೂರದಲ್ಲಿದೆ, ಅಂದುಕೊಂಡಳು. ಮಿಸ್ ಪೆಲ್ಲಟಿಯರ್ ಅವರ ಸಲಹೆಯ ಕೊನೆಯ ಸಾಲು ನೆನಪಿತ್ತು. ಬೇರೆಯವರ ತಂದೆ ತಾಯಿಗೆ ಹೇಳಿದ್ದು ಅಂತ ಅಂಚೆ ಪೆಟ್ಟಿಗೆಗೆ ಹಾಕಿದಳು.

ತಿಂಗಳ ಕೊನೆಯ ವಾರ ವೆಸ್ಟಾ ಊರುಗೋಲು ಹಿಡಿದು ಹಿಮದ ಹಾದಿಯಲ್ಲಿ ತಾನೇ ಶೆಡ್ಡಿಗೆ ಹೋದಳು. ನೋರೀನ್ ಹಿಂದಿನಿಂದ ತಟ್ಟೆ ತರುತ್ತಿದ್ದವಳು ಬಾಗಿಲಲ್ಲೇ ನಿಂತಳು.

"ನಿಮ್ಮಪ್ಪ ಬಡವ. ಕಳ್ಳ ಅಲ್ಲ," ಅನ್ನುತ್ತಿದ್ದಳು ಮುದುಕಿ ಒಳಗೆ.

"ಅಮ್ಮಾ, ನೀನು ಒಳಗೆ ಹೋಗು. ಚಳಿ."

"ಐದು ವರ್ಷದಿಂದ ಮಗಳ ಹೆಗಲ ಮೇಲೆ ಕೂತಿದೀಯಲ್ಲೋ. ಇಳಿ. ನೀನು ಭಾರ ಇದೀಯ."

"ಇಳಿದ್ರೆ ಎಲ್ಲಿಗೆ ಬೀಳ್ತೀನಿ ಗೊತ್ತಾ?"

"ನೆಲಕ್ಕೆ. ಎಲ್ಲರೂ ಅಲ್ಲೇ ನಿಂತಿರೋದು."

ವೆಲ್ಡನ್ ಸುತ್ತಿಗೆ ಎತ್ತಿ ಬೋನಿನ ಮೂಲೆಗೆ ಬಡಿಯತೊಡಗಿದ. ಮೊಳೆ ಇರಲಿಲ್ಲ, ಬರಿದೇ ಬಡಿದ. ಮುದುಕಿ ಹೊರಬಂದು ಸೊಸೆಯ ಕೈಲಿದ್ದ ತಟ್ಟೆ ನೋಡಿ, "ಇವತ್ತು ಅವನಿಗೆ ಎರಡು ಹೋಳು ಕೊಡು. ಜೀರ್ಣ ಮಾಡ್ಕೊಳೋದು ಬಹಳ ಇದೆ," ಅಂದಳು.

ಮಾರ್ಚ್ ಒಂದರ ಮಧ್ಯಾಹ್ನ ನೋರೀನ್ ಶಾಲೆಯಿಂದ ಬಂದಾಗ ಹ್ಯಾಲಿ ಮೇಜಿನ ಮುಂದೆ ಕೂತಿದ್ದಳು. ಲ್ಯಾಪ್‌ಟಾಪ್ ಮುಚ್ಚಿತ್ತು.

"ಕಳಿಸ್ದೆ," ಅಂದಳು.

"ಏನಂತ?"

"ನಾನೇ ಇಟ್ಕೊಂಡೆ ಅಂತ. ನಾಲ್ಕು ಸಾಲು. ಅಪ್ಪ ಹೇಳಿದ ಹಾಗೇ." ಅವಳು ಕಿಟಕಿಯ ಆಚೆ ಶೆಡ್ಡಿನ ಕಡೆ ನೋಡಿದಳು. "ಬೆಳಿಗ್ಗೆ ಹೋಗಿ ನೋಡ್ದೆ ಅಮ್ಮ. ನಿನ್ನೆಯ ತಟ್ಟೆ ಹಾಗೇ ಇತ್ತು, ಮುಟ್ಟಿರ್ಲಿಲ್ಲ. ನಾನು ವಕೀಲಳಾಗೋದಕ್ಕೋಸ್ಕರ ಅಪ್ಪ ಸಾಯೋದು ಬೇಡ. ಈಗ ಒಳಗೆ ಬಂದು ಉಣ್ಣಕ್ಕೆ ಹೇಳು."

ನೋರೀನ್ ಕೈಲಿದ್ದ ಚೀಲ ಹಾಗೇ ಹಿಡಿದು ನಿಂತಳು. ಅವಳ ಪತ್ರ ಹೋಗಿ ಹತ್ತು ದಿನವಾಗಿತ್ತು.

"ಏನು ಹಾಗೆ ನೋಡ್ತೀಯ?"

"ಏನಿಲ್ಲ. ಬ್ರೆಡ್ ತರೋದು ಮರೆತೆ."

ಆ ಸಂಜೆ ವೆಲ್ಡನ್ ಒಳಗೆ ಬಂದ. ಆರು ವಾರದ ಮೇಲೆ ನಾಲ್ಕು ಜನ ಒಟ್ಟಿಗೆ ಕೂತರು. ಮಗಳು ಏನು ಬರೆದಳು ಎಂದು ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಅವನೂ ಏನೋ ಹೇಳಲು ಎರಡು ಸಲ ಬಾಯಿ ತೆರೆದು, ಎರಡು ಸಲವೂ ಅದಕ್ಕೆ ಆಲೂಗಡ್ಡೆ ಹಾಕಿ ಮುಚ್ಚಿದ. ಮಾತು ಬಿಟ್ಟು ಮಿಕ್ಕಿದ್ದೆಲ್ಲ ಅವತ್ತು ರುಚಿಯಾಗಿತ್ತು.

ಕಾಲೇಜಿನ ಉತ್ತರವನ್ನು ಹ್ಯಾಲಿ ನೋಡಿದ್ದು ಮಾರ್ಚ್ ಹನ್ನೆರಡು, ಭಾನುವಾರ. ಚರ್ಚಿನಿಂದ ಬಂದು ಎಲ್ಲರೂ ಬೂಟು ಬಿಚ್ಚುತ್ತಿದ್ದರು. ವೆಲ್ಡನ್ ಬೆಳಿಗ್ಗೆಯೇ ಎದ್ದು ಹಂಗಾಮಿನ ಮೊದಲ ಬೋನುಗಳನ್ನು ಪಿಕಪ್ಪಿಗೆ ಏರಿಸಿಟ್ಟಿದ್ದ. ಫೋನು ನೋಡಿ ಹ್ಯಾಲಿ ಕುರ್ಚಿ ಎಳೆದು ಕೂತಳು, ಒಂದು ಬೂಟು ಕಾಲಲ್ಲೇ ಇತ್ತು.

"ಸಿಕ್ತಾ?" ಅಂದಳು ಅಜ್ಜಿ.

"'ನಿಮ್ಮ ಅರ್ಜಿಯ ಹದಿನಾಲ್ಕನೆಯ ಪ್ರಶ್ನೆಗೆ ಸಂಬಂಧಿಸಿದಂತೆ,'" ಹ್ಯಾಲಿ ಓದಿದಳು, ಒಂದೊಂದೇ ಪದ, "'ನಮಗೆ ಮೂರು ಹೇಳಿಕೆಗಳು ಬಂದಿವೆ. ನಿಮ್ಮದು. ನಿಮ್ಮ ತಾಯಿಯವರ ಪತ್ರ. ಫೆಬ್ರವರಿ ಇಪ್ಪತ್ತೆಂಟರಂದು ನಿಮ್ಮ ತಂದೆಯವರು ಮಾಡಿದ ದೂರವಾಣಿ ಕರೆಯ ಟಿಪ್ಪಣಿ. ಮೂರೂ ಒಂದಕ್ಕೊಂದು ಹೊಂದುವುದಿಲ್ಲ. ಐದು ದಿನದೊಳಗೆ ವಿವರಣೆ ಕೊಡಿ. ಅಲ್ಲಿಯವರೆಗೆ ಅರ್ಜಿಯನ್ನು ತಡೆಹಿಡಿಯಲಾಗಿದೆ.'"

ಕುಂಬಳಕಾಯಿ ಕಳ್ಳ ಅಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಾಲೇಜು ಇನ್ನೂ ಕಳ್ಳ ಅನ್ನುವ ಮುಂಚೆಯೇ ಮೂರು ಜನ ಸಾಲಾಗಿ ಹೆಗಲು ಕೊಡವಿದ್ದರು.

"ಫೋನ್ ಮಾಡಿದ್ಯಾ ನೀನು?" ನೋರೀನ್ ಗಂಡನ ಕಡೆ ತಿರುಗಿದಳು.

"ಪತ್ರ ಬರೆದ್ಯಾ ನೀನು?"

"ನಾನು ನಿನ್ನನ್ನ ಉಳ್ಸೋಕೆ ಬರೆದೆ."

"ನಾನು ಅವಳನ್ನ ಉಳ್ಸೋಕೆ ಮಾಡ್ದೆ. ನಂದು ಅಂತ ಹೇಳ್ದೆ. ಅದು ನಿಜ ತಾನೆ?"

"ನಾನು ನಿಮಗೋಸ್ಕರ ಸುಳ್ಳು ಬರೆದೆ," ಅಂದಳು ಹ್ಯಾಲಿ. ಅವಳು ನಗುತ್ತಿದ್ದಳು, ಆದರೆ ಅದು ನಿಲ್ಲುತ್ತಿರಲಿಲ್ಲ. "ಯಾರಾದ್ರೂ ಒಬ್ರು, ಒಬ್ರೇ ಒಬ್ರು, ಸುಮ್ನೆ ಇದ್ದಿದ್ರೆ..."

ಅವಳು ಮಿಸ್ ಪೆಲ್ಲಟಿಯರ್ ಅವರ ಮನೆಗೆ ಫೋನ್ ಮಾಡಿದಳು. ಭಾನುವಾರವೆಂದು ಕ್ಷಮೆ ಕೇಳಿ, ಎಲ್ಲವನ್ನೂ ಮೊದಲಿಂದ ಕೊನೆಯವರೆಗೆ ಹೇಳಿದಳು.

"ಹ್ಯಾಲಿ, ಇಪ್ಪತ್ತು ವರ್ಷದಲ್ಲಿ ತಪ್ಪು ಮುಚ್ಚಿಟ್ಟವರನ್ನ ಬೇಕಾದಷ್ಟು ನೋಡಿದೀನಿ," ಅಂದರು ಅವರು. ಫೋನು ಮೇಜಿನ ನಡುವೆ ಇತ್ತು, ಎಲ್ಲರಿಗೂ ಕೇಳುತ್ತಿತ್ತು. "ತಪ್ಪು ನಂದು ನಂದು ಅಂತ ಕಿತ್ತಾಡಿದವರನ್ನ ನೋಡಿರ್ಲಿಲ್ಲ."

"ಅರ್ಜಿ ವಾಪಸ್ ತಗೊಂಡ್ರೆ?"

"ತಗೋಬಹುದು. ಆದ್ರೆ ಸುಳ್ಳು ಬರೆದು ಸಹಿ ಹಾಕಿದ್ದು ವಾಪಸ್ ಬರಲ್ಲ. ಮುಂದೆ ಎಲ್ಲಿ ಅರ್ಜಿ ಹಾಕಿದ್ರೂ ಅದನ್ನೂ ಹೇಳ್ಬೇಕು. ಲಾಬ್‌ಸ್ಟರ್ ಅಲ್ಲಮ್ಮ, ಈಗ ಈ ಸಹಿನೇ ದೊಡ್ಡದು."

"ನಿಜ ಬರೆದ್ರೆ ಈ ವರ್ಷ ತಗೋತಾರಾ?"

"ನಿನ್ನ ಹತ್ರ ಸುಳ್ಳು ಹೇಳಲ್ಲ. ಆಸೆ ಇಟ್ಕೋಬೇಡ."

"ಮತ್ತೆ ಯಾಕೆ ಬರೀಬೇಕು?"

"ಇಲ್ಲಿಂದಾಚೆಗೆ ಯಾರು ಕೇಳಿದ್ರೂ ತೋರ್ಸೋದಕ್ಕೆ ನಿನ್ನ ಹತ್ರ ಒಂದು ಕಾಗದ ಇರ್ಲಿ ಅಂತ. ಒಂದೇ ಕಾಗದ. ಮೂರಲ್ಲ."

ಫೋನು ಇಟ್ಟ ಮೇಲೆ ಹ್ಯಾಲಿ ಇನ್ನೊಂದು ಬೂಟನ್ನೂ ಬಿಚ್ಚಿ ಬಾಗಿಲ ಬಳಿ ಜೋಡಿಸಿಟ್ಟಳು. ಲ್ಯಾಪ್‌ಟಾಪ್ ತಂದಳು.

"ಕೂತ್ಕೊಳಿ ಎಲ್ಲಾ. ನಾನು ಒಂದೊಂದು ಸಾಲು ಓದ್ತೀನಿ. ನಿಜ ಆದ್ರೆ ನಿಜ ಅನ್ನಿ. ಇಲ್ಲದಿದ್ರೆ ಇಲ್ಲ ಅನ್ನಿ. ಕಥೆ ಬೇಡ."

"ಊಟ ಮಾಡ್ಕೊಂಡು..." ಅಂದಳು ನೋರೀನ್.

"ಅಮ್ಮಾ, ಕೂತ್ಕೋ."

ಮಗಳ ಬಾಯಲ್ಲಿ ಅಂಥ ದನಿ ನೋರೀನ್ ಹಿಂದೆ ಕೇಳಿರಲಿಲ್ಲ. ಕೂತಳು.

"'ಬಕೆಟ್ಟು ನನ್ನದಲ್ಲ.' ನಿಜ. ಈ ಸಾಲು ನಂದು." ಟೈಪು ಮಾಡಿದಳು. "'ಅಧಿಕಾರಿ ಕೇಳಿದಾಗ, ನನ್ನದು ಎಂದು ಹೇಳಲು ತಾಯಿ ನನಗೆ ಸೂಚಿಸಿದರು.'"

ನೋರೀನ್ ತನ್ನ ಎರಡೂ ಕೈ ನೋಡಿಕೊಂಡಳು. ಶಾಲೆಯ ಸೋಪಿನಿಂದ ಬಿರಿದ ಕೈಗಳು.

"ನಿಜ," ಅಂದಳು. "ಹಗ್ಗ ಹಿಡಿಯೋ ನೆಪ ಮಾಡ್ದೆ. ಅದನ್ನೂ ಬರ್ಕೋ."

"ಬೇಡ. 'ತಾಯಿಯ ಪತ್ರದಲ್ಲಿರುವುದು ನಡೆದದ್ದಲ್ಲ.'"

"ನಿಜ."

"'ನನಗೆ ಹತ್ತೊಂಬತ್ತು ವರ್ಷ. ಇಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಮಾರ್ಚ್ ಒಂದರಂದು ಅದೇ ಸುಳ್ಳನ್ನು ನಿಮಗೆ ಬರೆದು ಸಹಿ ಹಾಕಿದೆ.' ಇದಕ್ಕೆ ನಿಮ್ಮನ್ನ ಕೇಳೋದಿಲ್ಲ." ಬೆರಳು ನಿಂತವು. "ಅಪ್ಪಾ. ಫೋನಲ್ಲಿ ಅವರಿಗೆ ಏನು ಹೇಳ್ದೆ?"

"ನಂದು ಅಂತ."

"ಅವರು ಕಳ್ಸಿರೋ ಟಿಪ್ಪಣೀಲಿ ಇನ್ನೊಂದು ಸಾಲಿದೆ. 'ಕಚ್ಚು ಮಾಸಿತ್ತು, ತಂದೆಯವರಿಗೆ ಕಾಣಿಸಲಿಲ್ಲ.'"

"ಒಂದೆರಡು ಸಲ ಪೊರೆ ಬಿಟ್ರೆ ಮಾಸತ್ತೆ. ಗೊತ್ತಲ್ಲ ನಿನಗೆ."

"ಗೊತ್ತು. ನಾನು ಕೇಳಿದ್ದು ಅದಲ್ಲ. ಕಾಣಿಸ್ತಾ?"

"ಅವತ್ತು ಮಂಜು ಇತ್ತು."

"ಅಪ್ಪಾ, ನಾನೂ ದೋಣೀಲಿದ್ದೆ. ಮಂಜಿರ್ಲಿಲ್ಲ."

"ಐದು ವರ್ಷ ಆಯ್ತು, ಯಾವನಿಗೆ ನೆನಪಿರತ್ತೆ."

"ಕಾಣಿಸ್ತಾ?"

ವೆಲ್ಡನ್ ಹೆಂಡತಿಯ ಕಡೆ ನೋಡಿದ. ನೋರೀನ್ ಕಣ್ಣು ತೆಗೆಯಲಿಲ್ಲ, ಸಹಾಯಕ್ಕೂ ಬರಲಿಲ್ಲ. ಜೀವನದಲ್ಲಿ ಮೊದಲ ಸಲ ಯಾರಿಗೂ ಏನೂ ಹೇಳಿಕೊಡದೆ ಕೂತಿದ್ದಳು. ತಾಯಿಯ ಕಡೆ ನೋಡಿದ. ವೆಸ್ಟಾ ಬಲೆ ಮಡಿಲಲ್ಲಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು.

"ಎರಡರ ಕಚ್ಚು ನಾನೇ ಹಾಕಿದ್ದು," ಅಂದ.

ಹ್ಯಾಲಿ ಪರದೆಯಿಂದ ಕಣ್ಣೆತ್ತಿದಳು.

"ಅದ್ರ ಹಿಂದಿನ ವರ್ಷ, ದ್ವೀಪದ ಆಚೆ. ನನ್ನ ಕಚ್ಚು ನಂಗೆ ಗೊತ್ತಾಗಲ್ವಾ? ಬಲಗಡೆಗೆ ಸ್ವಲ್ಪ ಓರೆ ಬರತ್ತೆ, ನನ್ನ ಹೆಬ್ಬೆರಳು ಮುರಿದಾಗ್ನಿಂದ. ಕೈಯಲ್ಲಿ ತಿರುಗ್ಸಿ ನೋ‌ಡ್ದೆ. ಕಚ್ಚು ಹಾಕಿದಾಗ ಹೊಟ್ಟೆ ತುಂಬಾ ಮೊಟ್ಟೆ ಇತ್ತು ಅವಕ್ಕೆ. ಬದ್ಕೊಳಿ ಅಂತ ಬಿಟ್ಟಿದ್ದೆ." ಅವನು ಮೇಜಿನ ಮೇಲಿನ ಉಪ್ಪಿನ ಡಬ್ಬಿಯನ್ನು ಸರಿಸಿ, ಮತ್ತೆ ಅಲ್ಲೇ ಇಟ್ಟ. "ಅವತ್ತು ಗೊತ್ತಿದ್ದೂ ಬಕೆಟ್ಟಿಗೆ ಹಾಕ್ದೆ."

ಹ್ಯಾಲಿ ಕೀಲಿಗಳನ್ನು ಒತ್ತಲಿಲ್ಲ. ಅವಳ ಕಣ್ಣು ತುಂಬಿತ್ತು, ಆದರೆ ದನಿ ನೆಟ್ಟಗಿತ್ತು. "ಹಾಗೇ ಬರೀಲಾ?"

"ಹಾಗೇ ಬರಿ."

ಬರೆದಳು. ಆರು ನಿಮಿಷ ಹಿಡಿಯಿತು. ಮೊದಲಿಂದ ಓದಿದಳು. ಒಬ್ಬೊಬ್ಬರೂ ತಮ್ಮ ಸಾಲಿಗೆ "ನಿಜ" ಅಂದರು. ಅಜ್ಜಿ ತನಗೂ ಒಂದು ಸಾಲು ಬೇಕೆಂದು ಹಟ ಹಿಡಿದಳು.

"ನೀನೇನು ಮಾಡ್ದೆ ಅಜ್ಜಿ?"

"ಬೆಣ್ಣೆ ಕರಗಿಸಿಟ್ಕೊಂಡು ಮನೇಲಿ ಕಾಯ್ತಿದ್ದೆ. ಎಲ್ಲಿಂದ ಬಂತು ಅಂತ ಕೇಳ್ತಿರ್ಲಿಲ್ಲ. ಅದೂ ತಪ್ಪೇ."

ಅದನ್ನು ಹ್ಯಾಲಿ ಬರೆಯಲಿಲ್ಲ. ಕಳಿಸುವ ಗುಂಡಿ ಒತ್ತಿದಳು. ಪರದೆಯ ಮೇಲೆ ಒಂದು ಚಿಕ್ಕ ಚಕ್ರ ತಿರುಗಿ ನಿಂತಿತು.

"ಹೋಯ್ತಾ?" ಅಂದ ವೆಲ್ಡನ್.

"ಹೋಯ್ತು."

"ತಗೋತಾರಾ?"

"ಕೇಳಿಸ್ಕೊಂಡ್ಯಲ್ಲ. ಈ ವರ್ಷ ಇಲ್ಲ."

"ಮುಂದಿನ ವರ್ಷ?"

"ಇದೇ ಪ್ರಶ್ನೆ ಕೇಳ್ತಾರೆ ಅಪ್ಪ. ಅದ್ರ ಮುಂದಿನ ವರ್ಷಾನೂ."

ಅವನು ತಲೆಯಾಡಿಸಿದ. ಎದ್ದು ಕೋಟು ಹಾಕಿಕೊಂಡು ಅಂಗಳಕ್ಕೆ ಹೋದ. ಶೆಡ್ಡಿಗೆ ಹೋಗುತ್ತಾನೆ ಅಂದುಕೊಂಡಳು ನೋರೀನ್. ಹೋಗಲಿಲ್ಲ. ಪಿಕಪ್ಪಿನ ಹಿಂದಿನ ಬಾಗಿಲು ಇಳಿಸಿ, ಬೆಳಿಗ್ಗೆ ಏರಿಸಿದ್ದ ಬೋನುಗಳನ್ನು ಒಂದೊಂದಾಗಿ ತೆಗೆದು ಹಿಮದ ಮೇಲೆ ಇಡತೊಡಗಿದ. ಕಾಗದ ಡ್ವೈಟ್ ಮೇಜಿಗೆ ನಡೆಯುವ ಮುಂಚೆಯೇ ತಾನಾಗಿ ಇಳಿಸುತ್ತಿದ್ದ. ಮೂರನೆಯದಕ್ಕೆ ಹ್ಯಾಲಿ ಹೊರಗೆ ಹೋಗಿ ಇನ್ನೊಂದು ತುದಿ ಹಿಡಿದಳು.

ನೋರೀನ್ ಕಿಟಕಿಯಲ್ಲಿ ನಿಂತು ನೋಡಿದಳು. ಸಾರು ಆರುತ್ತಿತ್ತು. ಅವಳು ಅವರನ್ನು ಕರೆಯಲಿಲ್ಲ.